ಸುಮ್ನೆ ಕೂತವಳು

ಕಣ್ಣಿನ ಡಾಕ್ಟರನ್ನು ಕಾಣಲು ಹೊರಟ ನಗೆಬರಹಗಾರನೊಬ್ಬನ ರೇನ್‌ಕೋಟಿನ ಬೆಲ್ಟು ಲಿಫ್ಟಿನ ಬಾಗಿಲ ಸಂದಿಗೆ ಸಿಕ್ಕಿಕೊಂಡಿತು. ನಗೆಬರಹಗಾರ ಎಂದರೆ ಬೇರೆ ಯಾರೂ ಅಲ್ಲ, ಈ ಕಥೆ ಹೇಳುತ್ತಿರುವವನೇ. ಮಾನ ಹೋದ ಸಂಗತಿಯಾದ್ದರಿಂದ ‘ಅವನು’ ಎಂದು ಹೇಳಿಕೊಂಡರೆ ಸ್ವಲ್ಪ ಹಗುರ. ಅರ್ಧ ದೇಹ ಒಳಗೆ, ಅರ್ಧ ದೇಹ ಹೊರಗೆ. ಬಾಗಿಲು ಬಂದು ಹೊಟ್ಟೆಗೆ ತಾಗುತ್ತದೆ, ನಾಚಿಕೊಂಡು ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಪ್ರತಿ ಸಲವೂ ಮೇಲಿನಿಂದ ಒಂದು ಹೆಣ್ಣುದನಿ, ಹಾಲಿಗೆ ಜೇನು ಬೆರೆಸಿದ ಹಾಗೆ, “ದಯವಿಟ್ಟು ಬಾಗಿಲಿಗೆ ಅಡ್ಡ ನಿಲ್ಲಬೇಡಿ” ಎನ್ನುತ್ತದೆ.

“ನಿಂತಿಲ್ಲ ಕಣಮ್ಮ, ಸಿಕ್ಕಾಕ್ಕೊಂಡಿದೀನಿ!”

“ದಯವಿಟ್ಟು ಬಾಗಿಲಿಗೆ ಅಡ್ಡ ನಿಲ್ಲಬೇಡಿ.”

“ಸುಮ್ನೆ ಬಾಯಿ ಮುಚ್ಕೊಂಡಿರ್ತೀಯಾ?”

“ಮುಚ್ಕೊಂಡೇ ಇದೀನಲ್ಲ ಸ್ವಾಮಿ” ಎಂದಿತು ಅದೇ ದನಿ. ಈ ಸಲ ಬಂದದ್ದು ಮೇಲಿನಿಂದಲ್ಲ, ಬೆನ್ನ ಹಿಂದಿನಿಂದ. ತಿರುಗಿದರೆ, ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡ ನಲವತ್ತರ ಆಸುಪಾಸಿನ ಹೆಂಗಸು. ಈಗ ತಾನೇ ಒಬ್ಬರ ಹತ್ತಿರ ಜಗಳ ಮುಗಿಸಿ ಇನ್ನೊಬ್ಬರನ್ನು ಹುಡುಕುತ್ತಿರುವಂಥ ಮುಖ. “ಬೆಲ್ಟ್ ಬಿಚ್ಚಿ ಈಚೆ ಬರೋದಲ್ವಾ? ಅದನ್ನೇನು ಮೈಗೆ ಸೇರಿಸಿ ಹೊಲಿದಿದಾರಾ?”

ಇಷ್ಟು ಹೊತ್ತೂ ಅವನಿಗೆ ಅದು ಹೊಳೆದಿರಲಿಲ್ಲ.

ಡಾಕ್ಟರ ಕೋಣೆಯ ಹೊರಗೆ ಇಬ್ಬರೂ ಪಕ್ಕಪಕ್ಕದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಕಣ್ಣಿಗೆ ಹನಿ ಹಾಕಿಸಿಕೊಂಡು ಲೋಕವೆಲ್ಲ ಮಂಜಾಗಿ ಕಾಣುವಾಗ ಮನುಷ್ಯನಿಗೆ ಮಾಡಲು ಉಳಿಯುವ ಕೆಲಸ ಮಾತೊಂದೇ. ಲಿಫ್ಟಿನೊಳಗಿನ ದನಿ ಹೊರಗೆ ಹೇಗೆ ಬಂತು ಎಂದು ಅವನು ಕೇಳಿದ. ಅವಳು ಹೇಳಿದಳು. ಹೇಳುತ್ತ ಹೇಳುತ್ತ ಹಳೆಯ ಸಿಟ್ಟೆಲ್ಲ ಹೊಸದಾಗಿ ಕಾಯತೊಡಗಿ, ಎದುರಿಗೆ ಕೂತಿದ್ದ ರೋಗಿಯೊಬ್ಬರು ಎದ್ದು ಆಚೆಯ ಸಾಲಿಗೆ ಹೋದರು.

ಅವಳಿಗೆ ಓಣಿಯಲ್ಲಿ ಪಟಾಕಿ ಎಂದು ಹೆಸರು. ಎದುರಿಗೆ ಯಾರೂ ಕರೆಯುವುದಿಲ್ಲ, ಪ್ರಾಣದ ಮೇಲೆ ಎಲ್ಲರಿಗೂ ಆಸೆ ಇರುತ್ತದಲ್ಲ. ಕಸದ ಗಾಡಿಯವನು ಬುಟ್ಟಿಯನ್ನು ಎಸೆದು ಹೋದರೆ, ಮೇಲ್ಮನೆಯವರು ಒಗೆದ ಬಟ್ಟೆ ಹಿಂಡದೆ ನೇತುಹಾಕಿದರೆ, ಅವಳು ಬಾಗಿಲಿಗೆ ಬಂದು ನಿಂತರೆ ಸಾಕು, ಓಣಿಯ ಆ ತುದಿಯ ಸ್ಕೂಟರು ತಾನಾಗಿ ಬದಿಗೆ ಸರಿಯುತ್ತಿತ್ತು. ಆದರೆ ಮನೆಯವರಿಗೆ ಮಾತ್ರ ಗೊತ್ತಿದ್ದ ಗುಟ್ಟು ಒಂದಿತ್ತು: ಅವಳು ಕೂಗಾಡುತ್ತಿರುವಷ್ಟು ಹೊತ್ತು ಭಯವಿಲ್ಲ. ಸಿಟ್ಟು ನೆತ್ತಿಗೇರಿದಾಗ ಅವಳ ದನಿ ಇಳಿದು, ನುಣುಪಾಗಿ, ಬೆಣ್ಣೆಯಂತಾಗುತ್ತದೆ. “ರೀ, ಸ್ವಲ್ಪ ಬರ್ತೀರಾ?” ಎಂದು ಅವಳು ಮೆತ್ತಗೆ ಕರೆದರೆ, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಗಂಡನಿಗೆ ಸ್ವಂತ ಅಂಗಡಿಯ ಮಾತ್ರೆಯೇ ಬೇಕಾಗುತ್ತಿತ್ತು.

ಆ ಬೆಣ್ಣೆದನಿಯಿಂದಲೇ ಅವಳಿಗೆ ಕೆಲಸ ಸಿಕ್ಕಿತ್ತು. ಬಟ್ಟೆ ಒಗೆಯುವ ಮೆಷೀನು ಮಾರುವ ಕಂಪನಿಯೊಂದರ ಫೋನಿನ ಕೋಣೆ. ಕಿಟಕಿಯಿಲ್ಲದ ಗೋಡೆ, ಸಾಲಾಗಿ ಮೇಜು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಅದರ ಸ್ಪಂಜು ಪುಡಿಪುಡಿಯಾಗಿ ಎಲ್ಲರ ಕಿವಿಯಲ್ಲೂ ಕಪ್ಪು. ನೀರು ಸೋರುತ್ತದೆ, ಮೆಷೀನು ಕುಣಿಯುತ್ತದೆ, ಅಂಗಿ ಹರಿದಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಜನ ಬೈಯುತ್ತಾರೆ. ಬೈದಷ್ಟೂ ಅವಳ ಒಳಗೆ ಕುದಿಯುತ್ತದೆ, ಕುದಿದಷ್ಟೂ ದನಿ ಸಿಹಿಯಾಗುತ್ತದೆ. ಬೈಯಲು ಬಂದವರು ಥ್ಯಾಂಕ್ಸ್ ಹೇಳಿ ಇಡುತ್ತಿದ್ದರು. ಅಕ್ಕಪಕ್ಕದ ಮೇಜಿನ ಗೆಳತಿಯರು, “ನಿನ್ನ ಹೊಟ್ಟೆಯೊಳಗೆ ಅದೇನು ಸಕ್ಕರೆ ಕಾರ್ಖಾನೆ ಇದೆಯೇನೇ?” ಎಂದು ನಗುತ್ತಿದ್ದರು.

ಒಂದು ದಿನ ಸಾಹೇಬರು ಕರೆದರು. ಕೈಯಲ್ಲಿ ಒಂದು ಹಾಳೆ. “ಏನಮ್ಮಾ, ಎಲ್ರೂ ನಿನ್ನ ದನೀನ ಹೊಗಳ್ತಾರೆ. ಇದನ್ನ ಸುಮ್ನೆ ಒಂದ್ಸಲ ಓದ್ಬಿಡು. ಫೋನ್ ಎತ್ತೋದು ತಡ ಆದ್ರೆ ಹಾಕ್ಕೋಬೋದು.”

ಅವಳು ಸುಮ್ಮನೆ ಓದಿದಳು. “ನಿಮ್ಮ ಕರೆ ನಮಗೆ ಬಹಳ ಮುಖ್ಯ. ದಯವಿಟ್ಟು ಕಾಯುತ್ತಿರಿ.” ಆಮೇಲೆ ಸೋರುವುದಕ್ಕೆ ಒಂದು ಒತ್ತಿ, ಕುಣಿಯುವುದಕ್ಕೆ ಎರಡು ಒತ್ತಿ ಎಂದು ಇನ್ನೊಂದಷ್ಟು. ಸಾಹೇಬರು ಅವಳಿಗೆ ಕ್ಯಾಂಟೀನಿನ ಟೀ ಕುಡಿಸಿದರು.

ಮುಂದಿನ ತಿಂಗಳು ಇಡೀ ಸಾಲನ್ನು ಕರೆದು, ಇನ್ನು ಫೋನನ್ನು ಮೆಷೀನೇ ಎತ್ತುತ್ತದೆ, ನೀವೆಲ್ಲ ಹೊರಡಬಹುದು ಎಂದರು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಮನೆಗೆ ಬಂದ ಮೇಲೆ, ಕುರ್ಚಿಯಲ್ಲಿ ಬಿಟ್ಟುಬಂದ ದಿಂಬನ್ನು ಕೇಳಲೆಂದು ಕಂಪನಿಗೆ ಫೋನು ಮಾಡಿದಳು. ಅತ್ತ ಕಡೆಯಿಂದ ಅವಳೇ ಮಾತಾಡಿದಳು. “ನಿಮ್ಮ ಕರೆ ನಮಗೆ ಬಹಳ ಮುಖ್ಯ.”

“ಥೂ, ನಿನ್ನ ಮುಖಕ್ಕೆ ಬೆಂಕಿ ಬೀಳ!”

“ದಯವಿಟ್ಟು ಕಾಯುತ್ತಿರಿ.”

ಒಳಗಿನಿಂದ ಗಂಡ ಕೇಳಿದ: “ಫೋನಲ್ಲಿ ಯಾರೇ?”

“ನಾನೇ!”

“ಮತ್ತೆ ಯಾರಿಗೆ ಬೈತಿದೀಯ?”

“ನನಗೇ!”

ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ತಿಳಿದವನು.

ಅವಳನ್ನು ಸುಟ್ಟದ್ದು ಕೆಲಸ ಹೋದದ್ದಲ್ಲ. ಪಕ್ಕದ ಮೇಜಿನವಳು ದಾರಿಯಲ್ಲಿ ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋದದ್ದು. ಆ ಗೆಳತಿ ಮನೆಯಿಂದ ಕಂಪನಿಗೆ ಫೋನು ಮಾಡಿದರೂ ಕೇಳುವುದು ಪಟಾಕಿಯ ದನಿಯೇ ತಾನೆ? ತನ್ನ ಗಂಟಲೇ ತನ್ನವರ ಅನ್ನ ಕಿತ್ತುಕೊಂಡಿತು, ಅದೂ ಒಂದು ಲೋಟ ಟೀಗೆ. ಅವಳು ಆವತ್ತು ನಿರ್ಧರಿಸಿದಳು: ಇನ್ನು ಈ ಗಂಟಲು ತನ್ನದೇ ಅಂಗಡಿ. ಮಾಲೀಕಳೂ ತಾನೇ, ಆಳೂ ತಾನೇ. ಸುಮ್ಮನೆ ಒಂದು ಅಕ್ಷರವನ್ನೂ ಓದುವುದಿಲ್ಲ.

ದನಿ ರೆಕಾರ್ಡ್ ಮಾಡಲು ಮೈಕು ಒಂದಿದ್ದರೆ ಸಾಲದು, ನಿಶ್ಶಬ್ದ ಬೇಕು. ಮನೆಯಲ್ಲಿ ಎಲ್ಲವೂ ಇತ್ತು, ಅದೊಂದು ಬಿಟ್ಟು. ಕೊನೆಗೆ ಮಲಗುವ ಕೋಣೆಯ ಹಳೆಯ ಮರದ ಕಪಾಟಿನಲ್ಲಿ ಕೆಳಗಿನ ಅರೆ ಕಿತ್ತು, ಮೂರು ಕಡೆ ಕಂಬಳಿ ಹೊಡೆದು, ಗಂಡನ ಕೋಟುಗಳ ನಡುವೆ ಮೊಣಕಾಲು ಮಡಚಿ ಕೂತಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಪಕ್ಕದ ಮನೆಯವರಿಗೆ ಹೇಳಿದರು: “ನಮ್ಮ ಸೊಸೆ ಕಪಾಟಿನೊಳಗೆ ಕೂತ್ಕೊಂಡು ಒಬ್ಬಳೇ ಮಾತಾಡ್ತಾಳೆ.” ಪಕ್ಕದ ಮನೆಯವರು ಒಳ್ಳೆಯವರು, ಒಬ್ಬ ಡಾಕ್ಟರ ವಿಳಾಸ ಕೊಟ್ಟರು.

ನಮ್ಮ ಭಾಷೆಯಲ್ಲಿ ‘ಸುಮ್ಮನೆ’ ಎಂಬ ಒಂದು ಮಾತಿದೆ. ಇಷ್ಟು ಪಾಪದ ಮುಖದ ಇಷ್ಟು ಕಿಲಾಡಿ ಮಾತು ಇನ್ನೊಂದಿಲ್ಲ. ಕೆಲಸವಿಲ್ಲದೆ ಕೂತರೂ ಸುಮ್ಮನೆ, ಕಾಸಿಲ್ಲದೆ ಕೊಟ್ಟರೂ ಸುಮ್ಮನೆ, ಕಾರಣವಿಲ್ಲದೆ ಬಂದರೂ ಸುಮ್ಮನೆ, ಬಾಯಿ ಮುಚ್ಚಿದರೂ ಸುಮ್ಮನೆ. ಆ ವರ್ಷವೆಲ್ಲ ಈ ಒಂದು ಮಾತು ಅವಳನ್ನು ನಾಲ್ಕೂ ದಿಕ್ಕಿನಿಂದ ಚುಚ್ಚಿತು.

“ಅತ್ತಿಗೇ, ಮನೇಲಿ ಸುಮ್ನೆ ಇರ್ತೀರಲ್ಲ, ಮಕ್ಕಳನ್ನ ಇಲ್ಲೇ ಬಿಟ್ಟು ಹೋಗ್ತೀನಿ” ಎಂದಳು ನಾದಿನಿ. “ಸುಮ್ನೆ ಕೂತಿದೀರಲ್ಲ, ನಮ್ಮ ಪಾರ್ಸೆಲ್ ಬಂದ್ರೆ ತಗೊಂಡಿಟ್ಟಿರಿ” ಎಂದರು ಮೇಲ್ಮನೆಯವರು. “ನಮ್ಮ ಸ್ಕೂಲಿನ ಕಾರ್ಯಕ್ರಮಕ್ಕೆ ಸುಮ್ನೆ ಬಂದು ನಾಲ್ಕು ಮಾತು ನಿರೂಪಣೆ ಮಾಡಿ, ಹೆಸರು ಬರುತ್ತೆ” ಎಂದರು ಯಾರೋ. ಹೆಸರು ಬರುತ್ತದಂತೆ! ಅವಳಿಗೆ ಪಟಾಕಿ ಎಂಬ ಹೆಸರು ಆಗಲೇ ಬಂದಾಗಿತ್ತು, ಇನ್ನೊಂದನ್ನು ತೆಗೆದುಕೊಂಡು ಎಲ್ಲಿಡುವುದು?

ತಮಾಷೆಯೆಂದರೆ, ಅವಳು ಸುಮ್ಮನೆ ಕೂತಿದ್ದಾಳೆ ಎಂದವರಲ್ಲಿ ಒಬ್ಬರಿಗೂ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಅವಳು ಕಪಾಟಿನ ಬಾಗಿಲು ಎಳೆದುಕೊಂಡು ಉಸಿರು ಹಿಡಿದು “ನಮಸ್ಕಾರ” ಎಂದ ಕೂಡಲೇ ಕುಕ್ಕರು ಕೂಗುತ್ತಿತ್ತು. ಕುಕ್ಕರು ನಿಂತರೆ ಅತ್ತೆ. “ಏನೇ, ಸಕ್ಕರೆ ಎಲ್ಲಿಟ್ಟಿದೀಯ?” ಅತ್ತೆ ನಿಂತರೆ ಗಂಡ. “ಏ ಇವಳೇ, ನನ್ನ ಕನ್ನಡಕ ನೋಡಿದ್ಯಾ?” ಅವಳು ಕೋಟುಗಳ ನಡುವಿನಿಂದ ತಲೆ ಹೊರಗೆ ಹಾಕಿ, ಓಣಿಗೆಲ್ಲ ಕೇಳುವಂತೆ, “ಸುಮ್ನಿರ್ರೀ ಎಲ್ರೂ! ಕೆಲಸ ಮಾಡ್ತಿದೀನಿ!” ಎಂದು ಅರಚುತ್ತಿದ್ದಳು. ಅರಚಿದ ಮೇಲೆ ಗಂಟಲು ಕಟ್ಟುತ್ತಿತ್ತು. ಗಂಟಲು ಕಟ್ಟಿದ ಮೇಲೆ ಅವತ್ತಿನ ಅಂಗಡಿ ಬಂದ್.

ಇಂಥ ಹೊತ್ತಿನಲ್ಲಿ ಬಂದವನು ಲಿಫ್ಟಿನವನು. ಸ್ವಂತದ ಸಣ್ಣ ವರ್ಕ್‌ಶಾಪು, ಉಗುರ ಸಂದಿಯಲ್ಲಿ ಗ್ರೀಸು. ತನ್ನ ಮನೆಯ ಮೆಷೀನು ಕೆಟ್ಟಿತೆಂದು ಕಂಪನಿಗೆ ಫೋನು ಮಾಡಿದವನು, ಆ ದನಿ ಯಾರದೆಂದು ವಿಚಾರಿಸಿಕೊಂಡು ಬಂದಿದ್ದನಂತೆ. “ಬೈಯೋಣ ಅಂತ್ಲೇ ಮಾಡಿದ್ದೆ ಅಕ್ಕಾ. ಕಾಯಿರಿ ಕಾಯಿರಿ ಅಂತ ಆ ದನಿ ಕೇಳಿ ಕೇಳಿ, ಯಾಕೆ ಬೈಬೇಕು ಅನ್ನೋದೇ ಮರ್ತೋಯ್ತು. ನಮ್ಮ ಲಿಫ್ಟ್‌ಗೂ ಅಂಥದೇ ಬೇಕು. ಜನ ಲಿಫ್ಟೊಳಗೆ ಗಾಬರಿ ಬೀಳ್ತಾರೆ.” ಒಂದು ಕಟ್ಟಡದ್ದು ಚೆನ್ನಾಗಿ ಬಂದರೆ ತಾನು ಕೂರಿಸುವ ಲಿಫ್ಟುಗಳಿಗೆಲ್ಲ ಅವಳದೇ ದನಿ. ಬರದಿದ್ದರೆ ಬೇರೆಯವರನ್ನು ಹುಡುಕಬೇಕು ಎಂದ. ಪಾಪ, ಕೂಲಿಯ ಮಾತನ್ನು ಮೊದಲೇ ಆಡಿದ. ‘ಸುಮ್ನೆ’ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅವಳಿಗೆ ಕಣ್ಣಲ್ಲಿ ನೀರು ಬಂತು. ಸಿಟ್ಟಿಲ್ಲದೆ ಕಣ್ಣೀರು ಬಂದದ್ದು ಬಹಳ ದಿನದ ಮೇಲೆ.

ಅದೇ ವಾರ ಸಾಹೇಬರೂ ಹೇಳಿಕಳಿಸಿದ್ದರು: ಮೆಷೀನಿಗೆ ಬೈದು ಬೈದು ಸುಸ್ತಾದವರನ್ನು ಸಮಾಧಾನ ಮಾಡಲು ಒಬ್ಬರು ಬೇಕು, ಬಂದು ಕೂರುತ್ತೀಯಾ? ತನ್ನ ದನಿಗೇ ತಾನು ಸಹಾಯಕಿಯಾಗಬೇಕು! ಆದರೆ ಲಿಫ್ಟಿನ ಕೆಲಸ ಕೈತಪ್ಪಿದರೆ ಅಲ್ಲಿಗೇ ಹೋಗಬೇಕೆಂದು ಗಂಡನೂ ಹೇಳಿದ್ದ, ಅವಳಿಗೂ ಗೊತ್ತಿತ್ತು.

ದನಿ ಹೇಗೆ ಕೇಳುತ್ತದೆಂದು ನೋಡಿಕೊಳ್ಳಲು ಲಿಫ್ಟಿನವನು ಒಂದು ಡಬ್ಬ ಕೊಟ್ಟುಹೋಗಿದ್ದ. ಲಿಫ್ಟಿನೊಳಗೆ ಇರುತ್ತದಲ್ಲ, ಅಂಥದೇ ಗುಂಡಿಗಳ ಫಲಕ. ಉಗುರಿನಷ್ಟಗಲದ ಒಂದು ಕಾರ್ಡಿನಲ್ಲಿ ದನಿ ತುಂಬಿ ಅದಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ ಮಾತಾಡುತ್ತದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಸಾಹೇಬರು ತನ್ನ ಜಾಗದಲ್ಲಿ ತನ್ನ ದನಿಯನ್ನು ಕೂರಿಸಿ ತನ್ನನ್ನು ಹೊರಗೆ ಹಾಕಿದರಲ್ಲ? ಅದೇ ವಿದ್ಯೆಯನ್ನು ಮನೆಯಲ್ಲಿ ಯಾಕೆ ಮಾಡಬಾರದು?

ಮಾರನೆಯ ಬೆಳಿಗ್ಗೆ ಡಬ್ಬ ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತಿತ್ತು. “ಇನ್ಮೇಲೆ ನನ್ನನ್ನ ಏನೇ ಕೇಳೋದಿದ್ರೂ ಇದನ್ನ ಕೇಳಿ” ಎಂದು ಹೇಳಿ ಅವಳು ಕಪಾಟಿನೊಳಗೆ ಹೋದಳು. ಅತ್ತೆ ಅನುಮಾನದಿಂದಲೇ ಒಂದನ್ನು ಒತ್ತಿದರು.

“ಸಕ್ಕರೆ ಮೇಲಿನ ಅರೆಯಲ್ಲಿದೆ. ಅರೆ ನಿಮ್ಮ ತಲೆಯ ಮೇಲಿದೆ” ಎಂದಿತು ಬೆಣ್ಣೆದನಿ.

ಗಂಡ ಎರಡನ್ನು ಒತ್ತಿದ. “ಕನ್ನಡಕ ಹಣೆಯ ಮೇಲಿದೆ. ಹಣೆ ಎಲ್ಲಿದೆ ಎಂದು ಕೇಳಬೇಡಿ.”

ಗಂಡ ಹಣೆ ಮುಟ್ಟಿಕೊಂಡ. ಇತ್ತು! ಮೂರು ಒತ್ತಿದರೆ ಮೇಲ್ಮನೆಯವರ ಪಾರ್ಸೆಲಿನ ಬಗ್ಗೆ: “ಮೆಟ್ಟಿಲ ಮೇಲಿಡಿ. ಅವರಿಗೂ ಕಾಲಿದೆ.” ನಾಲ್ಕು ಒತ್ತಿದರೆ: “ನಾನು ಸುಮ್ಮನೆ ಕೂತಿಲ್ಲ, ಕೆಲಸ ಮಾಡುತ್ತಿದ್ದೇನೆ. ಸುಮ್ಮನೆ ಕೂರಬೇಕಾದವರು ನೀವು.” ನಾದಿನಿ ಬಂದು ನಾಲ್ಕನ್ನು ಒತ್ತಿದಳು, ಮುಖ ಊದಿಸಿಕೊಂಡಳು, ಮತ್ತೆ ಒತ್ತಿದಳು. ಯಾರ ಹತ್ತಿರ ಜಗಳ ಆಡುವುದು? ಅತ್ತೆಗಂತೂ ಡಬ್ಬ ಹಿಡಿಸಿಬಿಟ್ಟಿತು. “ಸೊಸೆಗಿಂತ ಇದೇ ವಾಸಿ, ಎಷ್ಟು ಸಲ ಕೇಳಿದ್ರೂ ರೇಗಲ್ಲ” ಎಂದು ಸಕ್ಕರೆ ಬೇಡದಿದ್ದರೂ ಹೋಗಿ ಒಂದು ಒತ್ತಿ ಬರುತ್ತಿದ್ದರು.

ಮನೆ ಸದ್ದಡಗಿತು. ಕಪಾಟಿನೊಳಗೆ ಅವಳು ಮಹಡಿ ಮಹಡಿಯನ್ನೂ ಸಿಹಿಯಾಗಿ ಏರಿದಳು, ಇಳಿದಳು. ಮುಗಿದ ಕಾರ್ಡನ್ನು ಒಂದು ದಿನ ಬೆಳಿಗ್ಗೆಯೇ ಲಿಫ್ಟಿನವನು ಬಂದು ತೆಗೆದುಕೊಂಡು ಹೋದ. ಮನೆಯ ಕಾರ್ಡನ್ನೂ ಅಷ್ಟು ಹೊತ್ತಿಗೆ ಕೆಲವು ಮಾತು ಬದಲಾಯಿಸಲೆಂದು ಡಬ್ಬದಿಂದ ಹೊರಗೆ ತೆಗೆದಿದ್ದಳು. ಉಳಿದದ್ದನ್ನು ಡಬ್ಬಕ್ಕೆ ಸಿಕ್ಕಿಸಿದಳು. ಎರಡೂ ಕಪ್ಪು, ಎರಡೂ ಉಗುರಿನಷ್ಟಗಲ.

ಮಧ್ಯಾಹ್ನ ಅಡುಗೆಮನೆಯಿಂದ ಅತ್ತೆಯ ಕೂಗು: “ಏನೇ, ನಮ್ಮನೆಗೆ ಮೂರನೇ ಮಹಡಿ ಯಾವಾಗ ಕಟ್ಟಿಸಿದ್ರಿ?”

“ಏನಂದ್ರಿ?”

“ಬಾಗಿಲು ತೆರೀತಿದೆ ಅಂತ ಹೇಳ್ತಿದೆ. ನಾನೂ ಆವಾಗಿಂದ ನೋಡ್ತಿದೀನಿ, ಯಾವ ಬಾಗಿಲೂ ತೆರೀಲಿಲ್ಲ.”

ಅವಳು ಡಬ್ಬದೊಳಗಿನ ಕಾರ್ಡನ್ನು ಕಿತ್ತುಕೊಂಡಳು. ಚಪ್ಪಲಿಯ ಜೋಡಿಯನ್ನೂ ನೋಡದೆ ಓಡಿದಳು. ಲಿಫ್ಟಿನವನಿಗೆ ಫೋನು ಮಾಡಿದರೆ ಅವನು ವಿಳಾಸ ಹೇಳಿದ. ಕೇಳಿ ಅವಳು ರಸ್ತೆಯಲ್ಲೇ ನಿಂತಳು. ಬಟ್ಟೆ ಒಗೆಯುವ ಮೆಷೀನಿನ ಕಂಪನಿ ಇದ್ದ ಕಟ್ಟಡವೇ ಅದು. ಕಂಪನಿ ಇರುವುದು ನಾಲ್ಕನೇ ಮಹಡಿಯಲ್ಲಿ.

ಕೆಳಗಿನ ಹಾಲ್‌ನಲ್ಲಿ ಜಾತ್ರೆಯಷ್ಟು ಜನ. ಕೆಲಸವಿದ್ದವರು ಕೆಲಸ ಬಿಟ್ಟು, ಕೆಲಸವಿಲ್ಲದವರು ಹೊಸ ಕೆಲಸ ಸಿಕ್ಕಂತೆ, ಲಿಫ್ಟಿನಲ್ಲಿ ಮೇಲೆ ಹೋಗಿ ಕೆಳಗೆ ಬರುತ್ತಿದ್ದರು. ಎರಡನೇ ಮಹಡಿಯಲ್ಲಿ ಇಳಿದವರೆಲ್ಲ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಲಿಫ್ಟಿನವನು ಗೋಡೆಗೆ ಒರಗಿ ನಿಂತಿದ್ದ, ಗ್ರೀಸಿನ ಕೈಯಲ್ಲಿ ಹಣೆ ಹಿಡಿದು ಮುಖವೆಲ್ಲ ಕಪ್ಪು.

“ತಪ್ಪಾಯ್ತು ಕಣೋ. ಕಾರ್ಡ್ ಅದಲು ಬದಲಾಯ್ತು. ಸರಿಯಾದದ್ದು ತಂದಿದೀನಿ.”

ಅಷ್ಟರಲ್ಲಿ ಲಿಫ್ಟು ಕೆಳಗೆ ಬಂತು. ಒಳಗಿನಿಂದ ಸಾಹೇಬರು ಇಳಿದರು, ಕೆಂಪಾದ ಮುಖ, ಬಿಚ್ಚಿದ ಟೈ. ಬೆಳಗಿನಿಂದ ನಾಲ್ಕನೇ ಮಹಡಿಗೆ ಹೋದಾಗಲೆಲ್ಲ, ಸುಮ್ಮನೆ ಕೂರಬೇಕಾದವರು ನೀವು ಎಂದು ಹೇಳಿಸಿಕೊಂಡವರು.

“ಓಹೋ, ನೀನಾ! ಅಂದ್ಕೊಂಡೆ. ನೋಡಮ್ಮಾ, ಆಗಿದ್ದಾಯ್ತು, ದೊಡ್ಡದು ಮಾಡೋದು ಬೇಡ. ಇದನ್ನ ಸರಿ ಮಾಡು. ಹಾಗೇ ನಮ್ಮ ಫೋನ್‌ದೂ ಸ್ವಲ್ಪ ಬದಲಾಯಿಸಬೇಕು, ಹೊಸ ಮಾಡೆಲ್ ಬಂದಿದೆ. ಮೇಲೆ ಬಂದು ಸುಮ್ನೆ ಒಂದ್ಸಲ ಓದ್ಬಿಡು. ನಮ್ಮಿಂದ ತಾನೇ ನಿನಗೆ ಹೆಸರು ಬಂದಿದ್ದು? ಇಲ್ದಿದ್ರೆ ಈ ಲಿಫ್ಟನ್ನೇ ಕೀಳಿಸ್ತೀನಿ, ಇವನೂ ಮನೆಗೆ, ನೀನೂ ಮನೆಗೆ.”

ಅವಳ ಕಿವಿಗೆ ಬಿದ್ದದ್ದು ‘ಸುಮ್ನೆ’ ಒಂದೇ. ಕೂಗಬೇಕೆಂದು ಬಾಯಿ ತೆರೆದಳು. ಹೊರಗೆ ಬಂದದ್ದು ಬೆಣ್ಣೆ. ಅವಳ ಗಂಡ ಅಲ್ಲಿದ್ದಿದ್ದರೆ ಮೆಟ್ಟಿಲ ಕೆಳಗೆ ಅಡಗುತ್ತಿದ್ದ.

“ಸಾಹೇಬರೇ, ಲಿಫ್ಟಿನ ತಪ್ಪು ನಂದು. ಅದನ್ನ ತಿದ್ದಿಕೊಡ್ತೀನಿ, ಅದು ನನಗೂ ಇವನಿಗೂ ಬಿಟ್ಟಿದ್ದು. ನಿಮ್ಮ ಫೋನಲ್ಲಿ ಕೂತಿದಾಳಲ್ಲ ಒಬ್ಬಳು, ಹಗಲೂ ರಾತ್ರಿ? ರಜ ಇಲ್ಲ, ಸಂಬಳ ಇಲ್ಲ, ಒಂದು ಲೋಟ ಟೀ ಕುಡಿದು ಇಡೀ ಸಾಲಿನ ಕೆಲಸ ಮಾಡ್ತಿದಾಳೆ. ಅವಳು ನಾನು. ಇವತ್ತಿಂದ ಅವಳು ಸುಮ್ನೆ ಕೆಲಸ ಮಾಡಲ್ಲ. ಬಾಡಿಗೆ ಕೊಡಿ, ಇಲ್ಲ ಅವಳನ್ನ ಈಚೆ ಕಳಿಸಿ. ಬೈಯೋರ ಫೋನನ್ನ ನೀವೇ ಎತ್ತಿ. ನಿಮ್ಮ ದನೀನೂ ಚೆನ್ನಾಗೇ ಇದೆ.”

ಅಷ್ಟು ಸಿಹಿಯಾದ ಮಾತಿಗೆ ಅಷ್ಟು ಜನ ಹೆದರಿದ್ದನ್ನು ಆ ಕಟ್ಟಡ ಕಂಡಿರಲಿಲ್ಲ.

“ಏನು, ಹೆದರಿಸ್ತೀಯಾ? ನಾನು ಈ ಲಿಫ್ಟ್...”

“ಸಾರ್” ಎಂದ ಲಿಫ್ಟಿನವನು, ಗೋಡೆಯಿಂದ ಬೆನ್ನು ಎತ್ತಿ. “ಲಿಫ್ಟ್ ಹಾಕ್ಸಿದ್ದು ಕಟ್ಟಡದ ಮಾಲೀಕರು. ನೀವೂ ನಮ್ಮ ಹಾಗೇ, ಬಾಡಿಗೆಯವರು.”

ಮಾಲೀಕರು ಜನರ ನಡುವೆಯೇ ಇದ್ದರು. ಬೆಳಗಿನಿಂದ ಎಷ್ಟು ಸಲ ಮೇಲೆ ಹೋಗಿ ಬಂದಿದ್ದರೋ ದೇವರಿಗೇ ಗೊತ್ತು. “ಬೇರೆ ಎಲ್ಲಾ ಸರಿ ಮಾಡಮ್ಮ” ಎಂದರು. “ನಾಲ್ಕನೇ ಮಹಡಿದು ಮಾತ್ರ ಹಾಗೇ ಇರ್ಲಿ.”

ಸಾಹೇಬರು ಆವತ್ತು ಮೆಟ್ಟಿಲು ಹತ್ತಿಕೊಂಡು ಹೋದರು. ಬಾಡಿಗೆ ಕೊಡುವುದಕ್ಕಿಂತ ಒಂದು ಸಾಲು ಜನರನ್ನು ಮತ್ತೆ ಇಟ್ಟುಕೊಳ್ಳುವುದು ದುಬಾರಿ ಎಂದು ಮೇಲೆ ಹೋದ ಮೇಲೆ ಅವರಿಗೆ ಅರ್ಥವಾಗಿರಬೇಕು. ವಾರದೊಳಗೆ ಒಪ್ಪಿ ಕರೆಸಿದರು. ಅವಳು ಇನ್ನೊಂದು ಷರತ್ತು ಹಾಕಿದಳು: ಹೊಸ ಮಾತಿನ ಕೊನೆಯಲ್ಲಿ ‘ಮನುಷ್ಯರ ಜೊತೆ ಮಾತಾಡಲು ಸೊನ್ನೆ ಒತ್ತಿ’ ಎಂದು ಓದುತ್ತಾಳೆ, ಸೊನ್ನೆ ಒತ್ತಿದರೆ ಅಲ್ಲಿ ಹಳೆಯ ಸಾಲಿನ ಮನುಷ್ಯರೇ ಇರಬೇಕು. ಹಲ್ಲು ಕಡಿಯುತ್ತ ಸಾಹೇಬರು ಇಬ್ಬರಿಗೆ ಒಪ್ಪಿದರು. ಒಬ್ಬಳು ಬಂದಳು. ಮುಖ ತಿರುಗಿಸಿಕೊಂಡು ಹೋಗಿದ್ದವಳು ಬರಲಿಲ್ಲ. ನಿನ್ನ ಉಪಕಾರ ಬೇಡ ಎಂದು ಹೇಳಿಕಳಿಸಿದಳು. ಅದನ್ನು ಹೇಳುವಾಗ ಪಟಾಕಿ ಬಟ್ಟೆಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, “ಅವಳ ಸಿಟ್ಟು ನ್ಯಾಯವಾದದ್ದೇ. ನಂದೂ ನ್ಯಾಯವಾದದ್ದೇ. ಎರಡನ್ನೂ ಸೇರಿಸಿ ಸಾಹೇಬರ ತಲೆ ಮೇಲೆ ಹಾಕ್ಬೇಕಿತ್ತು” ಎಂದಳು.

ಈಗ ಊರಿನ ಲಿಫ್ಟುಗಳಲ್ಲಿ, ಟಿಕೆಟ್ಟಿನ ಸಾಲುಗಳಲ್ಲಿ, ಆಸ್ಪತ್ರೆಗಳ ಹಾಲ್‌ಗಳಲ್ಲಿ ಅವಳೇ. ಕಪಾಟು ಹೋಗಿ ಕೋಣೆ ಬಂದಿದೆ, ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ಡಬ್ಬ ಅಡುಗೆಮನೆಯಲ್ಲೇ ಇದೆ, ಅತ್ತೆ ಬಿಟ್ಟುಕೊಡುವುದಿಲ್ಲ. ಸಿಟ್ಟು ಕಡಿಮೆಯಾಗಿಲ್ಲ. ಕಡಿಮೆಯಾದರೆ ದನಿ ಕೆಡುತ್ತದೆ ಎಂದು ಅವಳಿಗೆ ಭಯವಂತೆ.

ಒಳಗಿನಿಂದ ಡಾಕ್ಟರು ಕರೆದರು. ನಗೆಬರಹಗಾರ ಎದ್ದ. ಜೀವಮಾನವಿಡೀ ಪತ್ರಿಕೆಯವರು ‘ಸುಮ್ನೆ ಒಂದು ಪುಟ ಬರೆದುಕೊಡಿ’ ಎಂದಾಗಲೆಲ್ಲ ಬರೆದುಕೊಟ್ಟು, ಮನೆಗೆ ಬಂದು ಹಲ್ಲು ಕಡಿದವನು ಅವನು. ಈ ಕಥೆ ಕೇಳಿ ಎಲ್ಲರಿಗಿಂತ ಮೊದಲು ಬುದ್ಧಿ ಬರಬೇಕಾದದ್ದು ಅವನಿಗೇ. ಆದರೆ ಮಂಜುಗಣ್ಣಿನ ಮನುಷ್ಯ, ಅಭ್ಯಾಸಬಲ, ಬಾಯಿ ತಪ್ಪಿಬಿಟ್ಟಿತು:

“ಅಲ್ಲಮ್ಮಾ, ನನ್ನ ಫೋನಿಗೂ ಸುಮ್ನೆ ಒಂದೆರಡು ಮಾತು ಹೇಳಿಕೊಡ್ತೀರಾ?”

ಪಟಾಕಿ ಅವನನ್ನು ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ದನಿ ಇಳಿಯಿತು, ನುಣುಪಾಯಿತು.

“ನಿಮ್ಮ ಕೋರಿಕೆ ನಮಗೆ ಬಹಳ ಮುಖ್ಯ. ದಯವಿಟ್ಟು ಕಾಯುತ್ತಿರಿ. ಸುಮ್ನೆ.”